ಚಾಕೊಲೇಟು ಮತ್ತು ಲೆಕ್ಕದ ಪುಸ್ತಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೇಸಿಗೆ ರಜೆಯಲ್ಲಿ ತುಮಕೂರಿನ ನಮ್ಮ ಬಡಾವಣೆಯ ಹದಿನೈದು ಮಕ್ಕಳನ್ನು ಹತ್ತು ದಿನ ಕೂಡಿಸಿಕೊಂಡು ಚಾಕೊಲೇಟು ಮಾಡಿಸಿ, ಅವರಿಂದಲೇ ಮಾರಿಸಿ, ಲೆಕ್ಕ ಬರೆಸಿದ ಸಂಗತಿಯನ್ನು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಎರಡು ಸಾಲಿನಲ್ಲಿ ಪ್ರಸ್ತಾಪಿಸಿದ್ದೆ. ಇಡೀ ವರ್ಷ ಪರೀಕ್ಷೆ, ಅಂಕ, ಟ್ಯೂಷನ್ನುಗಳ ಬಗ್ಗೆ ಬರೆದಾಗಲೂ ಬಾರದಷ್ಟು ಪತ್ರಗಳು ಆ ಎರಡು ಸಾಲಿಗೆ ಬಂದಿವೆ. ಈ ಸಲದ ಪುಟವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಗಳು ಏಳನೆಯ ತರಗತಿ. ಶಾಲೆಯ ಮಕ್ಕಳ ಸಂತೆಯಲ್ಲಿ ಈ ಸಲ ಸೊಪ್ಪು, ನಿಂಬೆಹಣ್ಣು ಬೇಡ, ಚಾಕೊಲೇಟು ಮಾಡಿ ಮಾರುತ್ತೇನೆ ಎನ್ನುತ್ತಾಳೆ. ಅಂಗಡಿಯಿಂದ ಚಾಕೊಲೇಟಿನ ಗಟ್ಟಿ ತಂದು ಕರಗಿಸಿ ಅಚ್ಚಿಗೆ ಸುರಿಯುವುದರಲ್ಲಿ ಕಲಿಯುವುದೇನಿದೆ ಎಂದು ಮನೆಯವರ ತಕರಾರು. ನೀವೇನು ಹೇಳುತ್ತೀರಿ? — ಒಬ್ಬ ತಾಯಿ, ಗುಬ್ಬಿ

ಉತ್ತರ: ಮನೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕರಗಿಸಿ ಸುರಿಯುವುದು ಒಂದು ಮಧ್ಯಾಹ್ನದ ಆಟ, ಅಷ್ಟಕ್ಕೇ ನಿಂತರೆ ಕೈ ಮತ್ತು ಬಾಯಿ ಅಂಟಾಗುವುದರ ಹೊರತು ಹೆಚ್ಚಿನದೇನೂ ಆಗುವುದಿಲ್ಲ. ಉಳಿದ ಅರ್ಧ ಇರುವುದು ಕರಗಿಸುವ ಮುಂಚೆ ಓದುವ ಪೊಟ್ಟಣದಲ್ಲಿ ಮತ್ತು ಮಾರಿದ ಮೇಲೆ ಬರೆಯುವ ಲೆಕ್ಕದಲ್ಲಿ.

ಪೊಟ್ಟಣದಿಂದ ಪ್ರಾರಂಭಿಸಿ. ಪೇಟೆಯಲ್ಲಿ ಸುಲಭವಾಗಿ ಸಿಗುವ ಗಟ್ಟಿಯ ಮೇಲೆ ಸಾಮಾನ್ಯವಾಗಿ ‘ಕಾಂಪೌಂಡ್’ ಎಂದು ಬರೆದಿರುತ್ತದೆ. ಅದರಲ್ಲಿ ಚಾಕೊಲೇಟಿನ ಮೂಲವಾದ ಕೋಕೋ ಬೀಜದ ಕೊಬ್ಬಿನ, ಅಂದರೆ ಕೋಕೋ ಬೆಣ್ಣೆಯ ಬದಲಿಗೆ ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ, ಅದೂ ಹೆಚ್ಚಾಗಿ ತಾಳೆ ಜಾತಿಯ ಎಣ್ಣೆ. ಕೋಕೋ ಬೆಣ್ಣೆ ದುಬಾರಿ, ತಾಳೆ ಎಣ್ಣೆ ಅಗ್ಗ. ನಮ್ಮ ದೇಶಕ್ಕೆ ತಾಳೆ ಎಣ್ಣೆ ಬರುವುದು ಬಹುಪಾಲು ಇಂಡೊನೇಷ್ಯಾ, ಮಲೇಷ್ಯಾಗಳಿಂದ. ಸಕ್ಕರೆ ಮಂಡ್ಯದ ಕಡೆಯದಿರಬಹುದು. ಪ್ರಪಂಚದ ಕೋಕೋ ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ಎಂಬ ಎರಡು ದೇಶಗಳಲ್ಲಿ. ಭೂಪಟವನ್ನು ನೆಲದ ಮೇಲೆ ಹರಡಿ, ಪೊಟ್ಟಣದ ಒಂದೊಂದು ಪದಾರ್ಥಕ್ಕೂ ಒಂದೊಂದು ಹುಣಸೆಬೀಜ ಇಡಿಸಿದರೆ, ಸಮಾಜ ವಿಜ್ಞಾನದ ಪುಸ್ತಕ ಬಿಚ್ಚದ ಮಗುವೂ ಬಗ್ಗಿ ನೋಡುತ್ತದೆ.

ಇನ್ನು ಲೆಕ್ಕ. ನಮ್ಮ ಶಿಬಿರದ ಐವರು ಮಕ್ಕಳ ಗುಂಪೊಂದರ ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ. ಮೊದಲ ಪುಟದಲ್ಲಿ ಹೀಗಿದೆ: ಅರ್ಧ ಕಿಲೋ ಗಟ್ಟಿಗೆ 240 ರೂಪಾಯಿ, ಸುತ್ತುವ ಬಣ್ಣದ ಕಾಗದಕ್ಕೆ 40, ಒಟ್ಟು 280. ಆಗುವ ತುಂಡು 60, ತುಂಡಿಗೆ 5 ರೂಪಾಯಿಯಂತೆ 300, ಲಾಭ 20. ಲಾಭ ಎಂಬ ಪದದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ. ಆದರೆ ಅಚ್ಚಿನಿಂದ ತೆಗೆಯುವಾಗ ಮೂರು ತುಂಡು ಮುರಿದವು, ರುಚಿ ನೋಡಬೇಕೆಂದು ಐವರೂ ಒಂದೊಂದು ತಿಂದರು. ಉಳಿದ 52 ತುಂಡಿಗೆ ಸಿಕ್ಕಿದ್ದು 260 ರೂಪಾಯಿ. ಇಪ್ಪತ್ತು ರೂಪಾಯಿ ಲಾಭ ಇಪ್ಪತ್ತು ರೂಪಾಯಿ ನಷ್ಟವಾಗಿತ್ತು. ಗ್ಯಾಸಿನ ಖರ್ಚನ್ನು ಯಾರೂ ಬರೆದೇ ಇರಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಮಾರನೆಯ ದಿನ ಒಬ್ಬಳು ಬೆಲೆಯನ್ನು ಹತ್ತು ರೂಪಾಯಿಗೆ ಏರಿಸೋಣ ಎಂದಳು. ಬೀದಿಯ ತುದಿಯ ಅಂಗಡಿಯಲ್ಲಿ ಐದು ರೂಪಾಯಿಗೆ ಹೊಳೆಯುವ ಕಾಗದದ ಚಾಕೊಲೇಟು ಸಿಗುವಾಗ ನಮ್ಮದನ್ನು ಹತ್ತಕ್ಕೆ ಯಾರು ಕೊಳ್ಳುತ್ತಾರೆ ಎಂದು ಇನ್ನೊಬ್ಬ ಕೇಳಿದ. ಕಾರ್ಖಾನೆಯವರಿಗೆ ಅದು ಹೇಗೆ ಗಿಟ್ಟುತ್ತದೆ ಎಂಬ ಪ್ರಶ್ನೆ ಅಲ್ಲಿಂದ ತಾನಾಗಿ ಹುಟ್ಟಿತು, ಅರ್ಧ ಗಂಟೆ ಚರ್ಚೆಯೂ ನಡೆಯಿತು. ಕೊನೆಗೆ ಪಾವಗಡದ ಕಡೆಯ ಹುಡುಗನೊಬ್ಬ ದಾರಿ ತೋರಿಸಿದ: ಚಾಕೊಲೇಟಿಗಿಂತ ಹುರಿದ ಕಡಲೆಕಾಯಿ ಬೀಜ ಅಗ್ಗ, ಅರ್ಧಕ್ಕರ್ಧ ಬೆರೆಸೋಣ. ಗಟ್ಟಿಗೆ 120, ಬೀಜಕ್ಕೆ 40, ಕಾಗದಕ್ಕೆ 40, ಒಟ್ಟು 200. ಈ ಸಲ ಹಾಳಾದದ್ದು ನಾಲ್ಕೇ ತುಂಡು. 56 ತುಂಡಿಗೆ 280 ಬಂತು. ಗ್ಯಾಸಿಗೆಂದು ಹತ್ತು ಕಳೆದು ಉಳಿದ ಎಪ್ಪತ್ತನ್ನು ಐವರು ಹಂಚಿಕೊಂಡರೆ ತಲೆಗೆ ಹದಿನಾಲ್ಕು ರೂಪಾಯಿ.

ಆಗ ನಾನು ಒಂದೇ ಪ್ರಶ್ನೆ ಹಾಕಿದೆ: ಎಷ್ಟು ಹೊತ್ತು ದುಡಿದಿರಿ? ಮಾಡಲು ಮೂರು ಗಂಟೆ, ಮಾರಲು ಎರಡು ಗಂಟೆ. ಗಂಟೆಗೆ ಮೂರು ರೂಪಾಯಿಯೂ ಬೀಳಲಿಲ್ಲ ಎಂದು ಅವರೇ ಭಾಗಿಸಿ ಹೇಳಿದರು. ಅಪ್ಪ ತೆಂಗಿನಕಾಯಿ ಸುಲಿಯುವ ಕೂಲಿಗೆ ಹೋಗುವ ಹುಡುಗನೊಬ್ಬ ಆ ಗುಂಪಿನಲ್ಲಿದ್ದ. ನೂರು ಕಾಯಿ ಸುಲಿದರೆ ಅಪ್ಪನಿಗೆ ಎಷ್ಟು ಸಿಗುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಸಂಜೆ ಮನೆಯಲ್ಲಿ ಕೇಳಿಕೊಂಡು ಬಂದು, ಮರುದಿನ ಅದೇ ಪುಟದ ಅಂಚಿನಲ್ಲಿ ಬರೆದ. ನಾನು ಬರೆ ಎಂದಿರಲಿಲ್ಲ. ಮನೆಯವರು ಇನ್ನೊಮ್ಮೆ ತಕರಾರು ತೆಗೆದರೆ ಅವರಿಗೆ ಈ ಪುಟದ ಕಥೆ ಹೇಳಿ.

ಪ್ರಶ್ನೆ: ತೆಂಗಿನ ತೋಟದ ನೆರಳಿನಲ್ಲಿ ಐದಾರು ಕೋಕೋ ಗಿಡಗಳಿವೆ. ಅಳಿಲು ತಿಂದು ಬಿಟ್ಟದ್ದನ್ನು ಕಿತ್ತು ಮಾರುತ್ತಿದ್ದೆ. ಇದರಿಂದಲೇ ಚಾಕೊಲೇಟು ಮಾಡೋಣ ಎಂದು ಮೊಮ್ಮಗ ಹಟ ಹಿಡಿದಿದ್ದಾನೆ. ಮನೆಯಲ್ಲಿ ಆಗುವ ಕೆಲಸವೇ? — ಒಬ್ಬ ಬೆಳೆಗಾರರು, ತಿಪಟೂರು

ಉತ್ತರ: ಆಗುತ್ತದೆ. ನಿಮ್ಮ ಮೊಮ್ಮಗ ಅದೃಷ್ಟವಂತ. ನಮ್ಮ ಶಿಬಿರದ ಮಕ್ಕಳು ಗಿಡ ನೋಡಲು ವ್ಯಾನು ಮಾಡಿಕೊಂಡು ಹೋಗಬೇಕಾಯಿತು. ಕೋಕೋ ಬೆಳೆಯುವುದು ಭೂಮಧ್ಯರೇಖೆಯ ಎರಡೂ ಬದಿಗೆ ಸುಮಾರು ಇಪ್ಪತ್ತು ಡಿಗ್ರಿಯೊಳಗೆ. ತುಮಕೂರು ಇರುವುದು ಹದಿಮೂರು ಡಿಗ್ರಿಯಲ್ಲಿ, ಆದ್ದರಿಂದ ಪಟ್ಟಿಯ ಒಳಗೇ ಇದ್ದೇವೆ. ನಮಗೆ ಕೊರತೆಯಿರುವುದು ಮಳೆಯದು. ಅದು ವರ್ಷಕ್ಕೆ 1500 ಮಿ.ಮೀ. ಆಸುಪಾಸು ಮಳೆ ಬಯಸುವ ಗಿಡ, ನಮ್ಮಲ್ಲಿ ಬೀಳುವುದು ಅದರ ಅರ್ಧವೂ ಇಲ್ಲ. ಹನಿ ನೀರಾವರಿ ಮತ್ತು ತೆಂಗಿನ ನೆರಳು ಇಲ್ಲದಿದ್ದರೆ ಅದು ನಿಮ್ಮ ತೋಟದಲ್ಲಿ ನಿಲ್ಲುತ್ತಿರಲಿಲ್ಲ ಎಂಬುದನ್ನು ಹುಡುಗನಿಗೆ ಮೊದಲು ತಿಳಿಸಿ.

ಹಲಸಿನಂತೆ ಇದೂ ಕಾಂಡದಲ್ಲೇ ಹೂ ಬಿಟ್ಟು ಕಾಯಿ ಹಿಡಿಯುತ್ತದೆ. ಹೂವು ಉಗುರಿನಷ್ಟು ಚಿಕ್ಕದು. ಪರಾಗಸ್ಪರ್ಶ ಮಾಡುವುದು ಕೊಳೆತ ಎಲೆಯಲ್ಲಿ ಹುಟ್ಟುವ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೊಣ. ಬುಡದ ತರಗೆಲೆ ಗುಡಿಸಿ ಚೊಕ್ಕಟ ಮಾಡುವ ನಮ್ಮ ಅಭ್ಯಾಸ ಈ ಗಿಡಕ್ಕೆ ಒಳ್ಳೆಯದಲ್ಲ.

ಹಣ್ಣಾದ ಕಾಯಿಯನ್ನು ಮರದ ಕೊರಡಿನಿಂದ ಒಡೆಸಿ, ಮಚ್ಚು ಬೇಡ. ಒಳಗೆ ಬಿಳಿ ತಿರುಳು ಹೊದ್ದ ಮೂವತ್ತು ನಲವತ್ತು ಬೀಜಗಳಿರುತ್ತವೆ. ಒಂದನ್ನು ಹುಡುಗನ ಬಾಯಿಗೆ ಹಾಕಿ. ತಿರುಳು ಸಿಹಿಹುಳಿಯಾಗಿರುತ್ತದೆ, ಬೀಜ ಕಚ್ಚಿದರೆ ಕಹಿ, ಒಳಗೆ ನೇರಳೆ ಬಣ್ಣ. ಚಾಕೊಲೇಟಿನ ವಾಸನೆ ಹುಡುಕಿದರೂ ಸಿಗುವುದಿಲ್ಲ. ಅದು ಹುಟ್ಟುವುದು ಮುಂದಿನ ಐದಾರು ದಿನದ ಹುದುಗಿನಲ್ಲಿ. ಬೀಜವನ್ನು ತಿರುಳಿನ ಸಮೇತ ಬಾಳೆ ಎಲೆ ಹಾಸಿದ ಬಿದಿರು ಬುಟ್ಟಿಗೆ ತುಂಬಿ, ಮೇಲೆ ಎಲೆ ಮುಚ್ಚಿ, ಗೋಣಿಚೀಲ ಹೊದಿಸಿ, ದಿನ ಬಿಟ್ಟು ದಿನ ಕೈಯಾಡಿಸಿ. ಮೊದಲು ಹೆಂಡದ ವಾಸನೆ, ಆಮೇಲೆ ವಿನೆಗರಿನ ಘಾಟು ಬರುತ್ತದೆ. ರಾಶಿ ಒಳಗೊಳಗೇ 45 ಡಿಗ್ರಿ ಮೀರಿ ಬಿಸಿಯಾಗುತ್ತದೆ. ಕೈ ಹಾಕಿ ನೋಡಿದ ಮಗುವಿಗೆ ಅಜ್ಜಿಯ ಇಡ್ಲಿ ಹಿಟ್ಟು ಏಕೆ ಉಬ್ಬುತ್ತದೆ ಎಂಬ ಪಾಠವನ್ನು ಬೇರೆ ಹೇಳಬೇಕಿಲ್ಲ. ಬೀಜ ತೀರಾ ಕಡಿಮೆಯಿದ್ದರೆ ಕಾವು ಏರುವುದಿಲ್ಲ, ಹುಳಿತು ಬೂಷ್ಟು ಹಿಡಿಯುತ್ತದೆ. ಆದ್ದರಿಂದ ನೆರೆಯ ತೋಟದವರ ಕಾಯನ್ನೂ ಕೂಡಿಸಿಕೊಂಡು ಕೆಲವು ಕಿಲೋ ಹಸಿ ಬೀಜವಾದರೂ ಸೇರಿಸಿ. ಮೂರು ಕಿಲೋ ಹಸಿ ಬೀಜ ಒಣಗಿದರೆ ಸುಮಾರು ಒಂದು ಕಿಲೋ.

ಒಂದು ವಾರ ಬಿಸಿಲಿಗೆ ಹಾಕಿ, ಕೈಯಲ್ಲಿ ಹಿಡಿದು ಆಡಿಸಿದರೆ ಗಲಗಲ ಅನ್ನಬೇಕು. ಮುಂದಿನದೆಲ್ಲ ನಮ್ಮ ಅಡುಗೆಮನೆಯ ಕೆಲಸ: ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸುವುದು. ರಾಗಿ ಕೇರುವ ಕೈಗೆ ಇದು ಹೊಸತಲ್ಲ. ನಮ್ಮ ಶಿಬಿರದಲ್ಲಿ ಹುಡುಗರು ಕೇರಿದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಕೊನೆಗೆ ಪಕ್ಕದ ಮನೆಯ ಅಜ್ಜಿಯೊಬ್ಬರು ಮೊರ ಕಸಿದುಕೊಂಡು ಐದು ನಿಮಿಷದಲ್ಲಿ ಮುಗಿಸಿ, ಒಂದು ಚೂರು ಬಾಯಿಗೆ ಹಾಕಿ, “ಸುಟ್ಟ ಹುಣಸೆಬೀಜ ಇದ್ದಂಗೈತೆ” ಎಂದು ತೀರ್ಪು ಕೊಟ್ಟರು.

ಉಳಿದ ಚೂರಿನಲ್ಲಿ ಅರ್ಧದಷ್ಟು ಕೊಬ್ಬೇ ಇರುವುದರಿಂದ ರುಬ್ಬಿದರೆ ನೀರು ಹಾಕದೆಯೇ ಕರಗಿ ಲೇಹದಂತಾಗುತ್ತದೆ. ಅಂಗಡಿಯ ಚಾಕೊಲೇಟಿನ ನುಣುಪು ಬರಬೇಕಾದರೆ ಒಂದೆರಡು ದಿನ ಬಿಡದೆ ರುಬ್ಬಬೇಕು. ಅಮೆರಿಕ, ಯುರೋಪುಗಳ ಎಷ್ಟೋ ಸಣ್ಣ ಚಾಕೊಲೇಟು ತಯಾರಕರು ಇದಕ್ಕೆ ಬಳಸುವುದು ನಮ್ಮ ದೋಸೆ ಹಿಟ್ಟಿನ ಮೇಜಿನ ಗ್ರೈಂಡರನ್ನೇ, ಕೋಕೋಗೆಂದು ಸ್ವಲ್ಪ ಮಾರ್ಪಡಿಸಿಕೊಂಡು. ಮನೆಯ ಗ್ರೈಂಡರನ್ನು ಹಾಗೆ ಓಡಿಸಿ ಮೋಟಾರು ಸುಟ್ಟುಕೊಳ್ಳಬೇಡಿ. ತರಿತರಿಯಾಗಿ ರುಬ್ಬಿ, ಬೆಲ್ಲ ಹಾಕಿ, ಬಿಸಿ ಹಾಲಿನಲ್ಲಿ ಕದಡಿ ಕುಡಿಯಿರಿ. ಮಧ್ಯ ಅಮೆರಿಕದ ಮಾಯಾ ಜನರೂ ಮೆಕ್ಸಿಕೋದ ಆಸ್ಟೆಕರೂ ಇದನ್ನು ಪಾನೀಯವಾಗಿಯೇ ಬಲ್ಲವರಾಗಿದ್ದರು, ಆಸ್ಟೆಕರಲ್ಲಿ ಬೀಜವೇ ನಾಣ್ಯದಂತೆ ಚಲಾವಣೆಯಲ್ಲಿತ್ತು. ಕಚ್ಚಿ ತಿನ್ನುವ ಗಟ್ಟಿ ಚಾಕೊಲೇಟು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದದ್ದು 1847ರಲ್ಲಿ. ಆ ಲೆಕ್ಕದಲ್ಲಿ ನಿಮ್ಮ ಮೊಮ್ಮಗ ಮಾಡುವುದೇ ಹಳೆಯ ಚಾಕೊಲೇಟು.

ಪ್ರಶ್ನೆ: ಮಾಡಿಟ್ಟ ಚಾಕೊಲೇಟಿನ ಮೇಲೆ ನಾಲ್ಕು ದಿನಕ್ಕೆ ಬಿಳಿ ಪುಡಿಯಂಥದು ಕಾಣಿಸಿಕೊಂಡಿದೆ. ಬೂಷ್ಟೇ? ಎಸೆಯಬೇಕೆ? — ಶಿರಾ

ಉತ್ತರ: ಅದು ಬಹುತೇಕ ಬೂಷ್ಟಲ್ಲ, ಮೇಲೆದ್ದ ಕೊಬ್ಬು, ತಿನ್ನಬಹುದು. ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಅವುಗಳಲ್ಲಿ ನಮಗೆ ಬೇಕಾದದ್ದು ಐದನೆಯದು, ಮುರಿದರೆ ಟಕ್ಕೆನ್ನುವ, ಹೊಳೆಯುವ, ಸುಮಾರು 34 ಡಿಗ್ರಿಗೆ ಕರಗುವ ಹರಳು. ಬಾಯಿಯ ಕಾವು ಅದಕ್ಕಿಂತ ಮೂರು ಡಿಗ್ರಿ ಹೆಚ್ಚಿರುವುದರಿಂದಲೇ ಚಾಕೊಲೇಟು ನಾಲಗೆಯ ಮೇಲೆ ಕರಗುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲಿ ಶಿರಾದ ಗಾಳಿಯೂ ಅಷ್ಟೇ ಬಿಸಿ, ಹಾಗಾಗಿ ಡಬ್ಬಿಯಲ್ಲೇ ಕರಗಿ ಮತ್ತೆ ಅಡ್ಡಾದಿಡ್ಡಿಯಾಗಿ ಗಟ್ಟಿಯಾಗುತ್ತದೆ. ಬೆಳಗಿನ ತಂಪಿನಲ್ಲಿ ಮಾಡಿ.

ಕೇಳದೆಯೇ ಇನ್ನೊಂದು ಮಾತು: ಕರಗಿಸುವ ಪಾತ್ರೆಗೆ ಒಂದು ಹನಿ ನೀರೂ ಬೀಳಬಾರದು. ಮೊದಲ ದಿನ ನಾನೇ ಜಾಣತನ ತೋರಿಸಲು ಹೋಗಿ, ದಪ್ಪವಾಗಿದೆ ಎಂದು ಒಂದು ಚಮಚ ಹಾಲು ಬೆರೆಸಿದೆ. ಹದಿನೈದು ಜೋಡಿ ಕಣ್ಣುಗಳ ಮುಂದೆ ಅದು ಹೆಂಟೆ ಮಣ್ಣಿನಂತೆ ಮುದ್ದೆಗಟ್ಟಿತು. ಕೊಬ್ಬಿನಲ್ಲಿ ತೇಲುತ್ತಿದ್ದ ಸಕ್ಕರೆಯ ಕಣಗಳು ನೀರು ತಾಕಿದ ಕೂಡಲೇ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಹೀಗಾಗುತ್ತದೆ. ಧಾರಾಳವಾಗಿ ಬಿಸಿ ಹಾಲು ಸುರಿದ ಮೇಲೆ ಸಡಿಲವಾಯಿತು. ಮಕ್ಕಳು ಅದಕ್ಕೆ ‘ಮೇಷ್ಟ್ರ ಗಂಜಿ’ ಎಂದು ಹೆಸರಿಟ್ಟು, 240 ರೂಪಾಯಿಯನ್ನು ನನ್ನ ಹೆಸರಿಗೆ ಖರ್ಚು ಹಾಕಿದರು.

ಪ್ರಶ್ನೆ: ಆಫ್ರಿಕಾದ ಕೋಕೋ ತೋಟಗಳಲ್ಲಿ ಮಕ್ಕಳು ದುಡಿಯುವ ವಿಷಯವನ್ನು ಹತ್ತು ಹನ್ನೆರಡು ವರ್ಷದವರಿಗೆ ಹೇಳಬಹುದೇ? ಚಾಕೊಲೇಟಿನ ಸಂತೋಷವೇ ಹೋಗಿಬಿಟ್ಟರೆ? — ಒಬ್ಬ ಶಿಕ್ಷಕಿ, ತುಮಕೂರು

ಉತ್ತರ: ಹೇಳಬೇಕು. ಆದರೆ ಕರುಣೆಯ ಕಥೆಯಾಗಿ ಹೇಳಬಾರದು, ಬೆಲೆಯ ಕಥೆಯಾಗಿ ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯೊಂದು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಐವರಿ ಕೋಸ್ಟ್ ಮತ್ತು ಘಾನಾಗಳ ಕೋಕೋ ಕೆಲಸದಲ್ಲಿದ್ದ ಬಾಲಕಾರ್ಮಿಕರು ಸುಮಾರು 15.6 ಲಕ್ಷ. ಅವರಲ್ಲಿ ಬಹುಪಾಲು ಮಕ್ಕಳು ತಮ್ಮದೇ ಮನೆಯ ತೋಟದಲ್ಲಿ ದುಡಿಯುವವರು. ಅಪ್ಪನಿಗೆ ಆಳಿಡುವ ಶಕ್ತಿಯಿಲ್ಲದ ಕಾರಣ ಮಗನ ಕೈಗೆ ಮಚ್ಚು ಬರುತ್ತದೆ. ಹೀಗೆ ಹೇಳಿದರೆ ನಮ್ಮ ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. ಕಾಯಿ ಕೆಡವುವ ದಿನ ಶಾಲೆಗೆ ಚಕ್ಕರ್ ಹೊಡೆದವರು ಪ್ರತಿ ತರಗತಿಯಲ್ಲೂ ಇದ್ದಾರೆ.

ಅಲ್ಲಿಂದ ಮುಂದಕ್ಕೆ ಬೆಲೆಗೆ ಬನ್ನಿ. 2024ರ ಕೊನೆಯಲ್ಲಿ ನ್ಯೂಯಾರ್ಕಿನ ಮಾರುಕಟ್ಟೆಯಲ್ಲಿ ಟನ್ ಕೋಕೋ 12,000 ಡಾಲರು ದಾಟಿತು. ಅದಕ್ಕೆ ಎರಡು ವರ್ಷದ ಹಿಂದೆ ಅದು 2,500 ಡಾಲರಿನ ಆಸುಪಾಸಿನಲ್ಲಿತ್ತು. ಪಶ್ಚಿಮ ಆಫ್ರಿಕಾದಲ್ಲಿ ಮಳೆ ಕೈಕೊಟ್ಟು, ರೆಂಬೆ ಊದಿಕೊಳ್ಳುವ ವೈರಸ್ ರೋಗ ಹಬ್ಬಿ ಫಸಲು ಕಡಿಮೆಯಾದದ್ದು ಕಾರಣ. ಆದರೆ ಆ ಎರಡು ದೇಶಗಳಲ್ಲಿ ಬೆಳೆಗಾರನ ಬೆಲೆಯನ್ನು ಋತುವಿನ ಆರಂಭದಲ್ಲಿ ಸರ್ಕಾರವೇ ಗೊತ್ತುಪಡಿಸುವುದರಿಂದ ಏರಿದ ಬೆಲೆ ಪೂರ್ತಿಯಾಗಿ ತೋಟದವರೆಗೆ ತಲುಪಲಿಲ್ಲ. ತಿಪಟೂರಿನ ಕೊಬ್ಬರಿ ಹರಾಜಿನ ದಿನ ಮನೆಯಲ್ಲಿ ಅಪ್ಪನ ಮುಖ ನೋಡಿ ಬೆಲೆ ಊಹಿಸುವ ಮಕ್ಕಳಿಗೆ ಇದನ್ನು ವಿವರಿಸಲು ಕಷ್ಟವೇನೂ ಇಲ್ಲ.

ನಮ್ಮದೇ ರಾಜ್ಯದ ಒಂದು ಪ್ರಸಂಗವನ್ನೂ ಸೇರಿಸಿ. ಎಪ್ಪತ್ತರ ದಶಕದ ಕೊನೆಗೆ ಕರಾವಳಿಯ ರೈತರು ಕಂಪನಿಗಳ ಮಾತು ನಂಬಿ ಕೋಕೋ ನೆಟ್ಟು, ಬೆಲೆ ಕುಸಿದಾಗ ಕೊಳ್ಳುವವರಿಲ್ಲದೆ ಗಿಡ ಕಡಿಯತೊಡಗಿದರು. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡಿದ್ದ ಕ್ಯಾಂಪ್ಕೊ ಸಹಕಾರ ಸಂಸ್ಥೆ ಆಗ ಕೋಕೋ ಕೊಳ್ಳಲು ಮುಂದೆ ಬಂತು, 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಬೆಳೆದವರೇ ಕಾರ್ಖಾನೆಯ ಒಡೆಯರಾಗುವುದು ಎಂದರೇನು ಎಂದು ಒಬ್ಬ ಹುಡುಗಿ ಕೇಳಿದಾಗ, ಅವಳ ಅಮ್ಮನ ಹಾಲಿನ ಡೇರಿಯ ಪಾಸ್‌ಪುಸ್ತಕ ತರಿಸಿದೆ. ಜಿಡ್ಡಿನ ಅಂಶ, ಲೀಟರು, ದರ, ಬೋನಸ್ಸು ಎಂದು ಅವಳು ಜೋರಾಗಿ ಓದಿ ಮುಗಿಸುವಷ್ಟರಲ್ಲಿ ಉತ್ತರ ಅವಳಿಗೇ ಸಿಕ್ಕಿತ್ತು. ಚಾಕೊಲೇಟಿನ ಸಂತೋಷದ ಬಗ್ಗೆ ಹೆದರಬೇಡಿ. ಇಷ್ಟೆಲ್ಲ ಕೇಳಿದ ಮೇಲೂ ಅಂದಿನ ಡಬ್ಬಿ ಖಾಲಿಯಾಗಿಯೇ ಹೋಯಿತು.

ಪ್ರಶ್ನೆ: ಮಗನಿಗೆ ಹನ್ನೊಂದು ವರ್ಷ. ಇನ್‌ಸ್ಟಾಗ್ರಾಂನಲ್ಲಿ ಅವನ ಹೆಸರಿನಲ್ಲಿ ಚಾಕೊಲೇಟು ವ್ಯಾಪಾರ ಪ್ರಾರಂಭಿಸೋಣ ಎಂದಿದ್ದೇನೆ. ‘ಬಾಲ ಉದ್ಯಮಿ’ ಎಂದು ಹೆಸರಾಗಲಿ. ಏನೇನು ಬೇಕು? — ಮಧುಗಿರಿ

ಉತ್ತರ: ದಯವಿಟ್ಟು ಬೇಡ. ತಿನ್ನುವ ಪದಾರ್ಥವನ್ನು ನಿಯತವಾಗಿ ಮಾರುವುದಾದರೆ ಮನೆಯ ಉದ್ಯಮಕ್ಕೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು, ಅದು ಹಿರಿಯರ ಹೆಸರಿನಲ್ಲಿಯೇ ಆಗಬೇಕು, ಏಕೆಂದರೆ ಅಪ್ರಾಪ್ತರು ಮಾಡಿಕೊಂಡ ಕರಾರಿಗೆ ನಮ್ಮ ಕಾನೂನಿನಲ್ಲಿ ಬೆಲೆಯಿಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಮೆಗೆ ಹಚ್ಚುವಂತಿಲ್ಲ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಲ್ಲಿ ಇಂಥ ಕೆಲಸಕ್ಕೆ ಇರುವ ವಿನಾಯಿತಿ, ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಮನೆಯ ಅಪಾಯಕರವಲ್ಲದ ಕಸುಬಿಗೆ ನೆರವಾಗುವುದಕ್ಕೆ ಮಾತ್ರ. ಕಾನೂನನ್ನು ಬದಿಗಿಟ್ಟರೂ ನನ್ನ ಸಲಹೆ ಅದೇ. ಆರ್ಡರು ಬಂದಿದೆ ಎಂದು ಹುಡುಗನನ್ನು ಕಬಡ್ಡಿ ಬಿಡಿಸಿ ಕರೆತರುವ ದಿನ ಅದು ಅವನ ಉದ್ಯಮವಾಗಿ ಉಳಿಯುವುದಿಲ್ಲ. ಸಂತೆ, ಹಬ್ಬ, ಶಾಲೆಯ ವಾರ್ಷಿಕೋತ್ಸವ, ವರ್ಷಕ್ಕೆ ಇಷ್ಟು ಸಾಕು.

ಪ್ರಶ್ನೆ: ವಿದೇಶಿ ಚಾಕೊಲೇಟು ಏಕೆ? ನಮ್ಮ ಕಡಲೆಕಾಯಿ ಚಿಕ್ಕಿಯನ್ನೇ ಕಲಿಸಬಾರದೇ? — ಕೊರಟಗೆರೆ

ಉತ್ತರ: ಧಾರಾಳವಾಗಿ ಕಲಿಸಿ, ಲೆಕ್ಕದಲ್ಲಿ ಚಿಕ್ಕಿಯೇ ಹೆಚ್ಚು ಗಿಟ್ಟುತ್ತದೆ. ಆದರೆ ಕಡಲೆಕಾಯಿಯೂ ಕೋಕೋದಂತೆಯೇ ದಕ್ಷಿಣ ಅಮೆರಿಕದಿಂದ ಹಡಗು ಹತ್ತಿ ಬಂದದ್ದು. ಕೋಲಾರದ ಟೊಮೆಟೊ, ನಮ್ಮ ಒಣಮೆಣಸಿನಕಾಯಿ, ಸೀಬೆ, ಪರಂಗಿ ಎಲ್ಲವೂ ಅಮೆರಿಕ ಖಂಡಗಳ ಕಡೆಯವೇ. ವಿದೇಶಿ ಎಂದು ಒಂದನ್ನು ಹೊರಗಿಟ್ಟರೆ ಸಾರಿಗೆ ಹಾಕಲು ಹುಣಸೆಹಣ್ಣು ಮತ್ತು ಮೆಣಸುಕಾಳು ಉಳಿದಾವು, ಹುಣಸೆಯ ತವರೂ ಆಫ್ರಿಕಾ ಎನ್ನುತ್ತಾರೆ.

ಪ್ರಶ್ನೆ: ಮಕ್ಕಳ ಸಂತೆಯಲ್ಲಿ ಮಗ ಅಜ್ಜಿಯಿಂದ 300 ರೂಪಾಯಿ ಸಾಲ ಪಡೆದು ಚಾಕೊಲೇಟು ಮಾಡಿದ. ತೊಂಬತ್ತು ರೂಪಾಯಿ ನಷ್ಟವಾಯಿತು. ಇನ್ನು ಎಂದಿಗೂ ಮಾಡುವುದಿಲ್ಲ ಎಂದು ಮುಖ ಊದಿಸಿಕೊಂಡಿದ್ದಾನೆ. ಸದ್ದಿಲ್ಲದೆ ನಾನೇ ಕೊಟ್ಟುಬಿಡಲೇ? — ಕುಣಿಗಲ್

ಉತ್ತರ: ಕೊಡಬೇಡಿ, ಅಜ್ಜಿಗೂ ಸಾಲ ಮನ್ನಾ ಮಾಡಬೇಡಿ ಎಂದು ತಿಳಿಸಿ. ಮುಖ ಇಳಿದ ಮೇಲೆ ಒಂದು ದಿನ ನೋಟ್‌ಬುಕ್ ಹಿಡಿದು ಅವನ ಪಕ್ಕದಲ್ಲಿ ಕೂಡಿ, ತೊಂಬತ್ತು ರೂಪಾಯಿ ಯಾವ ಯಾವ ಕಿಂಡಿಯಿಂದ ಸೋರಿತು ಎಂದು ಇಬ್ಬರೂ ಹುಡುಕಿ. ಕರಗಿ ಹೋದದ್ದೆಷ್ಟು, ಬೋಣಿಯ ಖುಷಿಗೆ ಕೊಸರು ಕೊಟ್ಟದ್ದೆಷ್ಟು, ಮೇಷ್ಟರುಗಳಿಗೆ ಪುಕ್ಕಟೆ ಹಂಚಿದ್ದೆಷ್ಟು, ಗೆಳೆಯರಿಗೆ ಉದ್ರಿ ಕೊಟ್ಟದ್ದೆಷ್ಟು. ನನ್ನ ಅನುಭವದಲ್ಲಿ ಮಕ್ಕಳ ನಷ್ಟದ ದೊಡ್ಡ ಪಾಲು ಉದ್ರಿಯದೇ, ಮತ್ತು ಅದು ವಸೂಲಾಗುವ ಹಣ. ಉದ್ರಿಗೆಂದೇ ಬೇರೆ ಪುಟ ಮಾಡಿ ಹೆಸರು, ತಾರೀಖು ಬರೆಸಿ. ಅಜ್ಜಿಯ ಬಾಕಿಯನ್ನು ವಾರಕ್ಕೆ ಹತ್ತು ರೂಪಾಯಿಯಂತೆ ಅವನೇ ತೀರಿಸಲಿ, ಬಡ್ಡಿಯ ಬದಲು ಅಜ್ಜಿಯ ಎಲೆ ಅಡಿಕೆ ತಂದುಕೊಡಲಿ.

ನಮ್ಮ ಶಿಬಿರದ ಉದ್ರಿ ಪುಟದಲ್ಲಿ ಒಂದೇ ಒಂದು ಹೆಸರು ಇನ್ನೂ ಹೊಡೆದು ಹಾಕದೆ ಉಳಿದಿದೆ: ಎರಡು ತುಂಡು, ಹತ್ತು ರೂಪಾಯಿ, ಮೇಷ್ಟರು. ಮೊನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕ ಆ ಗುಂಪಿನ ಹುಡುಗಿ ನಮಸ್ಕಾರ ಹೇಳುವ ಮುಂಚೆ ಅದನ್ನು ನೆನಪಿಸಿದಳು. ನನ್ನ ಬಳಿ ಇದ್ದದ್ದು ಐನೂರರ ನೋಟು, ಅವಳ ಬಳಿ ಚಿಲ್ಲರೆ ಇರಲಿಲ್ಲ.